ಬೆಂಗಳೂರು ಟ್ರಾಫಿಕ್ಕಿಗೆ ಸೂಪರ್‌ಮೋಟೋ ಆರಿಸುವುದು ಹೇಗೆ: ಒಬ್ಬ ಮೆಕ್ಯಾನಿಕ್ಕನ ಲೆಕ್ಕ

ಸೂಪರ್‌ಮೋಟೋ ಬೇಕು ಅಂತ ನನ್ನ ಗ್ಯಾರೇಜಿಗೆ ಬರುವ ಹುಡುಗರು ಮೊದಲು ಕೇಳುವುದು ಪವರ್ ಎಷ್ಟು ಅಂತ. ನಾನು ಕೇಳುವುದು ಅವರ ಕಾಲು ಎಷ್ಟುದ್ದ ಅಂತ. ಅವರಿಗೆ ಸ್ವಲ್ಪ ಬೇಜಾರಾಗುತ್ತದೆ. ಆದರೆ ಮಾಗಡಿ ರಸ್ತೆಯ ಜಾಮ್‌ನಲ್ಲಿ ಬಿಎಂಟಿಸಿ ಬಸ್ಸಿನ ಪಕ್ಕ ನಿಂತಾಗ ಕೆಲಸಕ್ಕೆ ಬರುವುದು ಪಾದ, ಪವರ್ ಅಲ್ಲ. ಆದ್ದರಿಂದ ಈ ಬರಹ ಪೂರ್ತಿ ಅದೇ ಕ್ರಮದಲ್ಲಿದೆ: ಮೊದಲು ಕಾಲು, ಆಮೇಲೆ ತೂಕ, ಆಮೇಲೆ ಸಸ್ಪೆನ್ಷನ್, ಆಮೇಲೆ ಸರ್ವಿಸ್ ಮತ್ತು ದುಡ್ಡು. ಪವರ್ ಕಟ್ಟಕಡೆಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮಣ್ಣಿನಲ್ಲಿ ಓಡಿಸುವ ಎತ್ತರದ ಬೈಕೊಂದನ್ನು ತಗೊಳ್ಳಿ. ಅದರ 21 ಇಂಚಿನ ಮುಂದಿನ ಚಕ್ರ, 18 ಇಂಚಿನ ಹಿಂದಿನ ಚಕ್ರ ಬಿಚ್ಚಿ. ಎರಡೂ ಕಡೆ 17 ಇಂಚಿನ ಅಗಲ ರಿಮ್ಮು, ರಸ್ತೆಯ ಟೈರು ಹಾಕಿ, ಮುಂದೆ ದೊಡ್ಡ ಡಿಸ್ಕ್ ಕೂರಿಸಿ. ಅದೇ ಸೂಪರ್‌ಮೋಟೋ. 1979ರಲ್ಲಿ ಅಮೆರಿಕದ ಒಂದು ಟಿವಿ ಚಾನೆಲ್ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಒಂದು ರೇಸ್ ಇಟ್ಟಿತ್ತು. ಟಾರಿನ ಮೇಲೆ ಓಡಿಸುವವರು, ಮಣ್ಣಲ್ಲಿ ಓಡಿಸುವವರು, ಎಲ್ಲರನ್ನೂ ಒಂದೇ ಟ್ರ್ಯಾಕಿಗೆ ಬಿಟ್ಟು ಯಾರು ಗೆಲ್ಲುತ್ತಾರೆ ನೋಡೋಣ ಅನ್ನುವುದು ಯೋಚನೆ. ಅಲ್ಲಿಂದ ಈ ಜಾತಿ ಬೆಳೆಯಿತು. ಆಮೇಲೆ ಅಮೆರಿಕದಲ್ಲಿ ಅದು ಮಂಕಾಯಿತು, ಫ್ರಾನ್ಸ್, ಇಟಲಿ ಕಡೆ ಹಬ್ಬಿತು.

ನಗರಕ್ಕೆ ಇದು ಯಾಕೆ ಒಪ್ಪುತ್ತದೆ ಅಂತ ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಅರ್ಧ ಟಾರು, ಅರ್ಧ ಮಣ್ಣು ನಮ್ಮಲ್ಲಿ ಟಿಕೆಟ್ ಇಲ್ಲದೆ ಸಿಗುತ್ತದೆ. ವೈಟ್ ಟಾಪಿಂಗ್ ಮುಗಿದ ಕಡೆ ಕಾಂಕ್ರೀಟು ಮೇಲೆ, ಟಾರು ಕೆಳಗೆ, ನಡುವೆ ನಾಲ್ಕು ಬೆರಳಿನ ಮೆಟ್ಟಿಲು. ಮೆಟ್ರೋ ಕೆಲಸದ ಕಡೆ ಕಬ್ಬಿಣದ ತಗಡು. ಇನ್ನು ಹಂಪ್ಸ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಬೀದಿಯದನ್ನು ಟೇಪ್ ಹಿಡಿದು ಅಳೆದು ನೋಡಿ, ನಗು ಬರುತ್ತದೆ. ಇಂಥ ಕಡೆ ಉದ್ದನೆ ಸಸ್ಪೆನ್ಷನ್, ನೆಟ್ಟಗೆ ಕೂರುವ ಭಂಗಿ, ಅಗಲ ಹ್ಯಾಂಡಲ್, ಕಡಿಮೆ ತೂಕ, ಕಾರುಗಳ ಮೇಲಿಂದ ಮುಂದಿನ ಸಿಗ್ನಲ್ ಕಾಣುವಷ್ಟು ಎತ್ತರ, ಎಲ್ಲವೂ ಉಪಯೋಗಕ್ಕೆ ಬರುತ್ತವೆ.

ಕಾಲು

ಕಂಪನಿ ಕೊಡುವ ಸೀಟಿನ ಎತ್ತರ ನೋಡಿ ಹೆದರಬೇಡಿ, ನೋಡದೆಯೂ ಇರಬೇಡಿ. ಆ ಅಳತೆ ಸಾಮಾನ್ಯವಾಗಿ ಯಾರೂ ಕೂರದೆ ಇರುವಾಗಿನದು. ನೀವು ಕೂತಾಗ ಹಿಂದಿನ ಸ್ಪ್ರಿಂಗ್ ತಗ್ಗುತ್ತದೆ. ಸೆಟ್ಟಿಂಗ್ ಸರಿಯಿದ್ದರೆ ಒಟ್ಟು ಓಡಾಟದ (ಚಕ್ರ ಮೇಲೆ ಕೆಳಗೆ ಹೋಗಬಲ್ಲ ಪೂರ್ತಿ ದೂರ) ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ತಗ್ಗಬೇಕು. ಅಂದರೆ ಸಸ್ಪೆನ್ಷನ್ ಉದ್ದವಿದ್ದಷ್ಟೂ ಕೂತಾಗ ಸೀಟು ಜಾಸ್ತಿ ಇಳಿಯುತ್ತದೆ.

ನಮ್ಮಲ್ಲಿ ಸಿಗುವ ಮಣ್ಣು-ರಸ್ತೆ ಬೈಕುಗಳನ್ನೇ ಹಿಡಿದು ಲೆಕ್ಕ ಹಾಕೋಣ. ಹೀರೋ ಎಕ್ಸ್‌ಪಲ್ಸ್ 200 4ವಿ ಸೀಟು 825 ಮಿ.ಮೀ., ಹಿಂದಿನ ಸಸ್ಪೆನ್ಷನ್ ಓಡಾಟ 170. ಕೂತಾಗ ಸುಮಾರು 50 ಇಳಿದರೆ ಉಳಿಯುವುದು 775. ಕೆಟಿಎಂ 390 ಎಂಡ್ಯೂರೋ ಆರ್ ಸೀಟು 860, ಓಡಾಟ ಹತ್ತಿರ ಹತ್ತಿರ 205. ಕೂತಾಗ 60 ಇಳಿದು 800. ಕೆಟಿಎಂ ಡ್ಯೂಕ್ ಥರದ ರಸ್ತೆ ಬೈಕಿನಲ್ಲಿ ಸೀಟು 800ರ ಆಸುಪಾಸು, ಓಡಾಟ 150, ಕೂತಾಗ 755. ಕಾಗದದಲ್ಲಿ ಡ್ಯೂಕಿಗೂ ಎಂಡ್ಯೂರೋಗೂ 60 ಮಿ.ಮೀ. ವ್ಯತ್ಯಾಸ. ನೀವು ಕೂತ ಮೇಲೆ 45. ಅದರ ಮೇಲೆ ಎಂಡ್ಯೂರೋ ಸೀಟಿನ ಮುಂಭಾಗ ಸಣ್ಣ, ತೊಡೆ ಅಗಲಿಸಬೇಕಾಗಿಲ್ಲ. ಹಾಗಾಗಿ ಕೆಲವರಿಗೆ ಆ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಹಗುರ ಮೈಯವರಿಗೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ, 50 ಕೆಜಿಯವರು ಕೂತರೆ ಸ್ಪ್ರಿಂಗ್ ಅಷ್ಟು ತಗ್ಗುವುದಿಲ್ಲ.

ನಿಮ್ಮ ಅಳತೆ ಮನೆಯಲ್ಲೇ ತಗೊಳ್ಳಿ. ಬೈಕ್ ಓಡಿಸುವಾಗ ಹಾಕುವ ಶೂ ಹಾಕಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ಪುಸ್ತಕವೊಂದನ್ನು ಎರಡು ಕಾಲಿನ ನಡುವೆ ಇಟ್ಟು ಮೇಲಕ್ಕೆ ಒತ್ತಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ನಾನು ಐದಡಿ ಐದಿಂಚು, ನನ್ನ ಒಳಗಾಲು ಶೂ ಸೇರಿ 77 ಸೆಂ.ಮೀ. ಎಕ್ಸ್‌ಪಲ್ಸ್ ಮೇಲೆ ಎರಡೂ ಪಾದದ ಮುಂಭಾಗ ನೆಲಕ್ಕೆ ಸಿಗುತ್ತದೆ. 390 ಎಂಡ್ಯೂರೋ ಮೇಲೆ ಒಂದು ಕಡೆಗೆ ಜಾರಿ ಕೂತರೆ ಒಂದು ಪಾದ ಗಟ್ಟಿಯಾಗಿ ಸಿಗುತ್ತದೆ. ಅಷ್ಟು ಸಾಕು. ಎರಡೂ ಹಿಮ್ಮಡಿ ನೆಲಕ್ಕೆ ತಾಗಲೇಬೇಕು ಅನ್ನುವವರು ಈ ಜಾತಿಯ ಬೈಕಿನ ಕಡೆ ಬರುವುದೇ ಬೇಡ, ಸುಮ್ನೆ ಭಯದಲ್ಲಿ ಓಡಿಸುತ್ತೀರಿ.

ಷೋರೂಂನ ನುಣುಪು ಟೈಲ್ಸ್ ಮೇಲೆ ಕಾಲು ಸಿಕ್ಕಿತು ಅಂತ ಖುಷಿಪಡಬೇಡಿ. ನಮ್ಮ ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ಎಡ ಅಂಚಿನಲ್ಲಿ ನಿಂತರೆ ಎಡಗಾಲಿಗೆ ನೆಲ ಇನ್ನೂ ಕೆಳಗೆ. ಮಳೆ ಬಂದು ಮೋರಿ ತುಂಬಿದರೆ ಆ ನೆಲ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಟೆಸ್ಟ್ ರೈಡಿನಲ್ಲಿ ಬೇಕೆಂದೇ ಇಂಥ ಜಾಗದಲ್ಲಿ ನಿಲ್ಲಿಸಿ. ಮಲ್ಲೇಶ್ವರದ ಅಡ್ಡರಸ್ತೆಯ ಏರಿನಲ್ಲಿ ನಿಲ್ಲಿಸಿ, ಹಿಂದಿನ ಬ್ರೇಕ್ ಹಿಡಿದು ಎಡಗಾಲು ಕೊಟ್ಟು ಹೊರಡಲು ಆಗುತ್ತಾ ನೋಡಿ. ಅದು ಆದರೆ ಬೆಂಗಳೂರಿನಲ್ಲಿ ಎಲ್ಲಿಯೂ ತೊಂದರೆಯಿಲ್ಲ.

ತೂಕ

ಪ್ಯೂರ್ ಸೂಪರ್‌ಮೋಟೋಗಳ ಆಕರ್ಷಣೆಯೇ ಇದು. ಕೆಟಿಎಂ 390 ಎಸ್‌ಎಂಸಿ ಆರ್ ಪೆಟ್ರೋಲ್ ಬಿಟ್ಟು 154 ಕೆಜಿ. ಸುಜುಕಿ ಡಿಆರ್-ಝಡ್4ಎಸ್‌ಎಂ ಕೂಡ ಹೆಚ್ಚುಕಡಿಮೆ ಅಷ್ಟೇ. ಕವಾಸಾಕಿ ಕೆಎಲ್‌ಎಕ್ಸ್ 230, ಅದು ಸೂಪರ್‌ಮೋಟೋ ಅಲ್ಲ, ಮಣ್ಣು-ರಸ್ತೆ ಎರಡಕ್ಕೂ ಆಗುವ ಬೈಕು, 139 ಕೆಜಿ. 139 ಕೆಜಿ ಬೈಕನ್ನು ಸಂದಿಯಲ್ಲಿ ಪಾರ್ಕಿಂಗಿನಿಂದ ಹಿಂದಕ್ಕೆ ಎಳೆಯುವುದಕ್ಕೂ 190 ಕೆಜಿ ಬೈಕನ್ನು ಎಳೆಯುವುದಕ್ಕೂ ಇರುವ ವ್ಯತ್ಯಾಸ ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ. ನಮ್ಮ ಮನೆಗಳ ಮುಂದಿನ ರ‍್ಯಾಂಪ್ ನೆನಪಿಸಿಕೊಳ್ಳಿ. ಚರಂಡಿ ಮೇಲಿನ ಕಲ್ಲು ಚಪ್ಪಡಿ, ಅದರಾಚೆ ಕಡಿದಾದ ಇಳಿಜಾರು, ಒಳಗೆ ಮಾಲೀಕರ ಕಾರು, ಉಳಿದ ಸಂದಿ ನಿಮ್ಮದು. 170 ಕೆಜಿ ಒಳಗಿದ್ದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹ್ಯಾಂಡಲ್ ಅಗಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಬೈಕುಗಳ ಹ್ಯಾಂಡಲ್ 80 ಸೆಂ.ಮೀ. ಮೇಲೆ ಹೋಗುತ್ತದೆ. ಗುಂಡಿ ತಪ್ಪಿಸುವಾಗ ಆ ಅಗಲ ವರ. ಆಟೋ ಮತ್ತು ಎಸ್‌ಯುವಿ ನಡುವೆ ನುಗ್ಗುವಾಗ ಶಾಪ. ಕಾರಿನ ಕನ್ನಡಿ ಮೇಲೆ ನಿಮ್ಮ ಹ್ಯಾಂಡಲ್ ಹಾದು ಹೋಗುತ್ತದೆ, ಎಸ್‌ಯುವಿ ಕನ್ನಡಿಗೆ ಮಾತ್ರ ಸರಿಯಾಗಿ ತಾಗುತ್ತದೆ. ಅಂಥ ಕಡೆ ನುಗ್ಗದೆ ಇರುವುದು ಒಂದು ಪರಿಹಾರ, ಯಾರೂ ಇಷ್ಟಪಡುವುದಿಲ್ಲ.

ಸಸ್ಪೆನ್ಷನ್ ಮತ್ತು ಚಕ್ರ ಬದಲಾಯಿಸುವ ಹುಚ್ಚು

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಗ್ಯಾರೇಜಿಗೆ ಬರುವ ಅರ್ಧ ಜನ ಇದಕ್ಕೇ ಬರುತ್ತಾರೆ. "ಅಣ್ಣಾ, ಎಕ್ಸ್‌ಪಲ್ಸಿಗೆ ಎರಡೂ ಕಡೆ 17 ಇಂಚ್ ಸ್ಪೋಕ್ ಹಾಕಿಕೊಡಿ, ಸೂಪರ್‌ಮೋಟೋ ಮಾಡೋಣ." ಹಾಕಬಹುದು. ಜೆಸಿ ರಸ್ತೆ, ಶಿವಾಜಿನಗರ ತಿರುಗಿದರೆ ರಿಮ್ಮು, ಸ್ಪೋಕು ಎಲ್ಲ ಸಿಗುತ್ತದೆ. ಹಾಕಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಯಾರೂ ಕೂತು ಲೆಕ್ಕ ಹಾಕುವುದಿಲ್ಲ.

ಮುಂದಿನ 90/90-21 ಟೈರಿನ ಹೊರ ವ್ಯಾಸ ಸುಮಾರು 695 ಮಿ.ಮೀ. ಅದರ ಜಾಗಕ್ಕೆ 110/70-17 ಬಂದರೆ 586. ಅಂದರೆ ಮುಂದಿನ ಅಚ್ಚು ನೆಲದ ಕಡೆ ಸುಮಾರು 55 ಮಿ.ಮೀ. ಇಳಿಯಿತು. ಹಿಂದಿನ 120/80-18 ಟೈರು 649. ಅಲ್ಲಿ 140/70-17 ಹಾಕಿದರೆ 628. ಹಿಂದೆ ಇಳಿದದ್ದು ಹತ್ತೇ ಮಿ.ಮೀ. ಚಿಲ್ಲರೆ. ಮುಂದೆ 55, ಹಿಂದೆ 10. ಬೈಕು ಮೂಗು ಕೆಳಗೆ ಹಾಕಿ ನಿಲ್ಲುತ್ತದೆ. ಚಕ್ರಗಳ ನಡುವಿನ ದೂರ ಸುಮಾರು 1400 ಅಂತ ಹಿಡಿದರೆ, ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ) ಕೋನ ಎರಡು ಡಿಗ್ರಿಯ ಹತ್ತಿರ ನೆಟ್ಟಗಾಯಿತು. ಎರಡು ಡಿಗ್ರಿ ಅಂದರೆ ಸಣ್ಣದು ಅಂತ ಅನ್ನಿಸಬಹುದು. ಫೋರ್ಕು ನೆಟ್ಟಗಾದರೆ, ಚಕ್ರವೂ ಚಿಕ್ಕದಾದರೆ, ಟ್ರೇಲ್ ಕಡಿಮೆಯಾಗುತ್ತದೆ. ಹ್ಯಾಂಡಲ್ ತಿರುಗುವ ಗೆರೆ ನೆಲಕ್ಕೆ ಸಿಗುವ ಜಾಗಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ದೂರವೇ ಟ್ರೇಲ್. ಹ್ಯಾಂಡಲ್ ನೆಟ್ಟಗೆ ಹಿಡಿದುಕೊಳ್ಳುವ ಗುಣ ಬರುವುದೇ ಆ ಟ್ರೇಲ್‌ನಿಂದ. 40 ಕಿ.ಮೀ. ವೇಗದಲ್ಲಿ ಸಂದಿಯಲ್ಲಿ ತಿರುಗಿಸುವಾಗ ಮಜಾ ಬರುತ್ತದೆ. ತುಮಕೂರು ರಸ್ತೆಯಲ್ಲಿ 90ಕ್ಕೆ ಹೋದಾಗ, ಪಕ್ಕದಲ್ಲಿ ಲಾರಿ ಹಾದು ಹೋದರೆ, ಮುಂದಿನ ಚಕ್ರ ಹಗುರವಾಗಿ ಅಲ್ಲಾಡುತ್ತದೆ.

ಇನ್ನೂ ಇದೆ. ಎಂಜಿನ್ ಕೆಳಗಿನ ಜಾಗ ಸರಾಸರಿ ಮೂರು ಸೆಂ.ಮೀ. ಹೋಯಿತು. ಮುಂದಿನ ಚಕ್ರದ ಸುತ್ತಳತೆ ಶೇ 16ರಷ್ಟು ಕಡಿಮೆಯಾಯಿತು, ಅಂದರೆ ಅದೇ ವೇಗಕ್ಕೆ ಅದು ಜಾಸ್ತಿ ಸುತ್ತುತ್ತದೆ. ಮುಂದಿನ ಚಕ್ರದಿಂದ ವೇಗ ಓದುವ ಮೀಟರಿದ್ದರೆ, ನೀವು 50ರಲ್ಲಿ ಹೋಗುತ್ತಿರುವಾಗ 59 ತೋರಿಸುತ್ತದೆ, ಕಿಲೋಮೀಟರೂ ಸುಳ್ಳು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಕೂಡ ಆ ಚಕ್ರದ ಸುತ್ತಿನ ಲೆಕ್ಕದ ಮೇಲೆ ಕೆಲಸ ಮಾಡುವುದು. ಕಂಪನಿ 21 ಇಂಚಿಗೆ ಹೊಂದಿಸಿದ ಎಬಿಎಸ್ 17 ಇಂಚಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ಮಳೆಯಲ್ಲಿ, ಸಿಗ್ನಲ್ ಹತ್ತಿರ ಕಂಡುಕೊಳ್ಳುವ ಆಸೆ ನನಗಂತೂ ಇಲ್ಲ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ಸ್ವರೂಪದಿಂದ ಗಾಡಿಯನ್ನು ನಿಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ರಸ್ತೆಯಲ್ಲಿ ಪೊಲೀಸರು ರಿಮ್ಮಿನ ಇಂಚು ಅಳೆಯುವುದಿಲ್ಲ, ನಿಜ. ಅಪಘಾತ ಆದ ಮೇಲೆ ವಿಮೆಯವರ ಸರ್ವೇಯರ್ ಅಳೆಯುತ್ತಾರೆ. ತಕರಾರು ತೆಗೆಯಲು ಅವರಿಗೆ ಅಷ್ಟೇ ಬೇಕು. ಸೈಲೆನ್ಸರ್ ಬದಲಿಸುವವರಿಗಂತೂ ಏನೂ ಹೇಳುವುದಿಲ್ಲ. ನಮ್ಮ ರಾಜ್ಯದ ಪೊಲೀಸರು ಅವುಗಳ ಮೇಲೆ ರೋಡ್ ರೋಲರ್ ಹತ್ತಿಸಿದ ವಿಡಿಯೋ ಎಲ್ಲರೂ ನೋಡಿದ್ದೀರಿ.

ಹಾಗಾದರೆ ಏನು ಮಾಡಬೇಕು? ನನ್ನ ಸ್ವಂತ ಗಾಡಿ ಎಕ್ಸ್‌ಪಲ್ಸ್. ಕಂಪನಿಯ ಚಕ್ರಗಳೇ ಇವೆ, 21 ಮತ್ತು 18. ಟೈರು ಮಾತ್ರ ರಸ್ತೆ ಕಡೆ ವಾಲಿದ, ಗಡ್ಡೆ ಗಡ್ಡೆ ಇಲ್ಲದ ನಮೂನೆ, ಅದೇ ಅಳತೆಯದು. ನಗರದಲ್ಲಿ ಸೂಪರ್‌ಮೋಟೋ ಕೊಡುವ ಖುಷಿಯ ಬಹುಪಾಲು ಸಿಗುತ್ತದೆ. 21 ಇಂಚಿನ ಚಕ್ರ ಗುಂಡಿಯ ಅಂಚನ್ನು ಸಲೀಸಾಗಿ ಹತ್ತುತ್ತದೆ, ಇದು 17ಕ್ಕೆ ಬರುವುದಿಲ್ಲ. ಕಳೆದುಕೊಳ್ಳುವುದು ತಿರುವಿನಲ್ಲಿ ಮುಂದಿನ ಟೈರಿನ ಹಿಡಿತ ಸ್ವಲ್ಪ, ಬ್ರೇಕಿನ ಚುರುಕು ಸ್ವಲ್ಪ. ನಾಗರಭಾವಿಯಿಂದ ರಾಜಾಜಿನಗರಕ್ಕೆ ಹೋಗಲು ಮೊಣಕಾಲು ನೆಲಕ್ಕೆ ತಾಗಿಸಬೇಕಾಗಿಲ್ಲ ಅಲ್ವಾ? ಮಳೆಗಾಲದ ಒದ್ದೆ ಟಾರಿನ ಮೇಲೆ ಗಡ್ಡೆ ಟೈರಿಗೂ ರಸ್ತೆ ಟೈರಿಗೂ ಇರುವ ವ್ಯತ್ಯಾಸ, ಚಕ್ರದ ಇಂಚಿನ ವ್ಯತ್ಯಾಸಕ್ಕಿಂತ ದೊಡ್ಡದು.

17 ಇಂಚೇ ಬೇಕು ಅನ್ನುವವರು ಕಂಪನಿಯೇ 17 ಇಂಚು ಹಾಕಿ, ಅದಕ್ಕೆ ತಕ್ಕ ಫೋರ್ಕು, ಎಬಿಎಸ್ ಹೊಂದಿಸಿ ಕೊಟ್ಟದ್ದನ್ನೇ ತಗೊಳ್ಳಿ. ಕೆಟಿಎಂನವರೇ ಎಂಡ್ಯೂರೋ ಆರ್‌ನಲ್ಲಿ ಮುಂದೆ 285 ಮಿ.ಮೀ. ಡಿಸ್ಕ್ ಇಟ್ಟು, ಅದೇ ಎಂಜಿನ್ನಿನ ಎಸ್‌ಎಂಸಿ ಆರ್‌ನಲ್ಲಿ 320 ಇಟ್ಟಿದ್ದಾರೆ. ಬರೀ ರಿಮ್ಮು ಬದಲಿಸಿ ಬಿಟ್ಟಿಲ್ಲ ಅನ್ನುವುದನ್ನು ಗಮನಿಸಿ.

ಸ್ಪೋಕ್ ರಿಮ್ಮು ಅಂದಮೇಲೆ ನಮ್ಮಲ್ಲಿ ಸಿಗುವ ಕಡಿಮೆ ಬೆಲೆಯವೆಲ್ಲ ಟ್ಯೂಬಿನವು. ರಿಂಗ್ ರೋಡಿನಲ್ಲಿ ಮೊಳೆ ಚುಚ್ಚಿದರೆ ಟ್ಯೂಬ್‌ಲೆಸ್ ಥರ ಹತ್ತು ಕಿಲೋಮೀಟರ್ ಎಳೆದುಕೊಂಡು ಹೋಗಲು ಆಗುವುದಿಲ್ಲ. ಗಾಳಿ ಒಮ್ಮೆಗೇ ಹೋಗುತ್ತದೆ. ಸೀಟಿನ ಕೆಳಗೆ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಲಿವರು ಇಟ್ಟುಕೊಳ್ಳಿ. ಪಂಚರ್ ಅಂಗಡಿಯವರ ಹತ್ತಿರ 21 ಇಂಚಿನ ಟ್ಯೂಬ್ ಇರುವುದು ಅಪರೂಪ.

ಏನೇನು ಸಿಗುತ್ತದೆ

ಮೇಲಿನಿಂದ ಶುರು ಮಾಡೋಣ. ಡುಕಾಟಿ ಹೈಪರ್‌ಮೋಟಾರ್ಡ್ 698 ಮೋನೋ 2024ರ ಆಗಸ್ಟಿನಲ್ಲಿ ಭಾರತಕ್ಕೆ ಬಂತು. ಆಗ ಎಕ್ಸ್-ಷೋರೂಂ ಬೆಲೆ 16.50 ಲಕ್ಷ. 659 ಸಿಸಿಯ ಒಂದೇ ಸಿಲಿಂಡರು, 77.5 ಅಶ್ವಶಕ್ತಿ, ಪೆಟ್ರೋಲ್ ಬಿಟ್ಟು 151 ಕೆಜಿ, ಸೀಟು 904 ಮಿ.ಮೀ. ಅದ್ಭುತ ಯಂತ್ರ. ದಿನಾ ಆಫೀಸಿಗೆ? ಆ ಎಂಜಿನ್ನು ಉಸಿರು ಬಿಡುವುದೇ ಸಾವಿರಾರು ಆರ್‌ಪಿಎಂ ಮೇಲೆ. ಸಿಲ್ಕ್ ಬೋರ್ಡಿನಲ್ಲಿ ನೀವು ಒಂದನೇ ಗೇರು, ಅರ್ಧ ಕ್ಲಚ್ಚು. ದುಡ್ಡಿದ್ದು, ಮನೆಯಲ್ಲಿ ಇನ್ನೊಂದು ಸ್ಕೂಟರ್ ಇದ್ದರೆ ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಒಮ್ಮೆ ನನಗೂ ಒಂದು ರೌಂಡ್ ಕೊಡಿ.

390 ಎಸ್‌ಎಂಸಿ ಆರ್ ಕಾಗದದ ಮೇಲೆ ಬೆಂಗಳೂರಿಗೆ ಅಂತಲೇ ಮಾಡಿದ ಹಾಗಿದೆ. 399 ಸಿಸಿ, 45 ಅಶ್ವಶಕ್ತಿಯ ಹತ್ತಿರ, ಸೀಟು 860, ಟ್ಯಾಂಕು 9 ಲೀಟರ್. 2024ರ ಕೊನೆಗೆ ಮಿಲಾನ್ ಬೈಕ್ ಪ್ರದರ್ಶನದಲ್ಲಿ ತೋರಿಸಿದರು. ಪುಣೆ ಹತ್ತಿರದ ಚಾಕಣದಲ್ಲಿ ಬಜಾಜ್ ಕಾರ್ಖಾನೆಯಲ್ಲೇ ತಯಾರಾಗಿ ಹೊರದೇಶಕ್ಕೆ ಹೋಗುತ್ತದೆ, ಅದೇ ಹೊಟ್ಟೆಯುರಿ. ನಿಮ್ಮ ಊರಿನ ಷೋರೂಂನಲ್ಲಿ ಕಣ್ಣೆದುರು ನಿಂತಿದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. "ಬರುತ್ತೆ ಸಾರ್, ಅಡ್ವಾನ್ಸ್ ಕೊಟ್ಟಿರಿ" ಅನ್ನುವ ಸೇಲ್ಸ್ ಹುಡುಗನಿಗೆ ಒಂದು ಕಾಫಿ ಕೊಡಿಸಿ ಬಂದುಬಿಡಿ. ಅದರ ಅಣ್ಣ 390 ಎಂಡ್ಯೂರೋ ಆರ್ 2025ರ ಏಪ್ರಿಲ್‌ನಲ್ಲಿ 3.37 ಲಕ್ಷಕ್ಕೆ ಬಂತು. ಅದಕ್ಕೆ ರಸ್ತೆ ಟೈರು ಹಾಕಿದರೆ ನಾನು ಮೇಲೆ ಹೇಳಿದ ಲೆಕ್ಕವೇ.

ಅಮೆರಿಕದಲ್ಲೋ ಯುರೋಪಿನಲ್ಲೋ ಇದ್ದು ಇದನ್ನು ಓದುತ್ತಿರುವವರ ಕಷ್ಟ ಬೇರೆ, ಅವರಿಗೆ ಆಯ್ಕೆ ಜಾಸ್ತಿ. ಸುಜುಕಿ ಡಿಆರ್-ಝಡ್4ಎಸ್‌ಎಂ ಅಲ್ಲಿ ಸಿಗುತ್ತದೆ, ಸೀಟು 890. ಕೆಟಿಎಂ 690 ಎಸ್‌ಎಂಸಿ ಆರ್ ಕೂಡ. ರೇಸಿಗೆ ಮಾಡಿದ 450 ಸಿಸಿ ಬೈಕುಗಳ ಕಡೆ ಮಾತ್ರ ಕಣ್ಣು ಹಾಯಿಸಬೇಡಿ. ಅವುಗಳ ಎಣ್ಣೆ ಬದಲಿಸುವುದು, ಪಿಸ್ಟನ್ ಬದಲಿಸುವುದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ಗಂಟೆ ಲೆಕ್ಕದಲ್ಲಿ. ಟ್ರಾಫಿಕ್ಕಿನಲ್ಲಿ ನಿಂತ ಗಂಟೆಯೂ ಗಂಟೆಯೇ.

ಕವಾಸಾಕಿ ಕೆಎಲ್‌ಎಕ್ಸ್ 230 ಹಗುರ, ಆದರೆ ಸೀಟು 880, ಟ್ಯಾಂಕು 7.6 ಲೀಟರ್. 2024ರ ಡಿಸೆಂಬರಿನಲ್ಲಿ 3.30 ಲಕ್ಷಕ್ಕೆ ಬಂದಾಗ ನಾನು ಯಾರಿಗೂ ಹೇಳಲಿಲ್ಲ. ಆಮೇಲೆ ಬೆಲೆ ಚೆನ್ನಾಗಿ ಇಳಿಯಿತು. ಉದ್ದ ಕಾಲಿನವರು ಹೋಗಿ ಕೂತು ನೋಡಬಹುದು.

ಎಕ್ಸ್‌ಪಲ್ಸ್ 210 ನನ್ನ ಮೊದಲ ಶಿಫಾರಸು. ಸೀಟು 830, ಲಿಕ್ವಿಡ್ ಕೂಲ್ಡ್ ಎಂಜಿನ್ನು, 24.6 ಪಿಎಸ್ ಪವರ್, 2025ರಲ್ಲಿ ಬಂದಾಗ 1.76 ಲಕ್ಷ. ಹಳೆಯ 200ಕ್ಕಿಂತ ಫ್ಲೈಓವರ್ ಏರಿನಲ್ಲಿ ಉಸಿರು ಜಾಸ್ತಿ. ತೂಕವೂ ಹತ್ತು ಕೆಜಿ ಜಾಸ್ತಿ, ಅದು ಬೇಸರ.

ಕಡೆಗೆ ಡ್ಯೂಕ್ 250, 390. ಇವು ಸೂಪರ್‌ಮೋಟೋ ಅಲ್ಲ. ಆದರೆ 17 ಇಂಚಿನ ಚಕ್ರ, ನೆಟ್ಟಗೆ ಕೂರುವ ಭಂಗಿ, ಹಗುರ ಮೈ, ಜೊತೆಗೆ ಸೂಪರ್‌ಮೋಟೋ ಎಬಿಎಸ್ ಅನ್ನುವ ಮೋಡ್. ಅದನ್ನು ಹಾಕಿದರೆ ಹಿಂದಿನ ಚಕ್ರದ ಎಬಿಎಸ್ ಆಫ್ ಆಗುತ್ತದೆ, ಮುಂದಿನದು ಇರುತ್ತದೆ. ನಗರದಲ್ಲಿ ಅದನ್ನು ಹಾಕಬೇಡಿ, ಹಿಂದಿನ ಚಕ್ರ ಜಾರಿಸುವ ಆಟ ಕಾರ್ಟಿಂಗ್ ಟ್ರ್ಯಾಕಿನಲ್ಲಿ ಆಡಿ. ಕಾಲು ಕುಳ್ಳಗಿರುವವರಿಗೆ, ಮನೆ ಹತ್ತಿರದ ರಸ್ತೆ ಪರವಾಗಿಲ್ಲ ಅನ್ನುವವರಿಗೆ, ಡ್ಯೂಕೇ ಸರಿ. ಗುಂಡಿ ಜಾಸ್ತಿ ಇದ್ದರೆ 150 ಮಿ.ಮೀ. ಸಸ್ಪೆನ್ಷನ್ ಬೆನ್ನಿಗೆ ಗೊತ್ತಾಗುತ್ತದೆ.

ದುಡ್ಡು, ಸರ್ವಿಸ್, ಹಿಂದೆ ಕೂರುವವರು

ಎಕ್ಸ್-ಷೋರೂಂ ಬೆಲೆ ನೋಡಿ ಮನೆಯವರಿಗೆ ಹೇಳಿಬಿಡಬೇಡಿ. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಜೀವಾವಧಿ ತೆರಿಗೆಯೇ ಶೇ 18, ಅದರ ಮೇಲೆ ಸೆಸ್ಸು. ಹತ್ತಿರ ಹತ್ತಿರ ಐದನೇ ಒಂದು ಭಾಗ ಅಲ್ಲೇ ಹೋಯಿತು. 3.37 ಲಕ್ಷದ ಬೈಕು ವಿಮೆ ಸೇರಿ ನಾಲ್ಕು ಲಕ್ಷ ದಾಟುತ್ತದೆ. ಇನ್ನೊಂದು ಗೆರೆ 350 ಸಿಸಿ. 2025ರ ಸೆಪ್ಟೆಂಬರ್ 22ರಿಂದ ಆ ಗೆರೆಯ ಒಳಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಹೊರಗಿನದಕ್ಕೆ 40 ಆಯಿತು. 200ರಿಂದ 250 ಸಿಸಿ ಒಳಗೇ ಇರಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಪಕ್ಕದ ರಾಜ್ಯದ ನಂಬರಿನ ಸೆಕೆಂಡ್‌ಹ್ಯಾಂಡ್ ಬೈಕು ಅಗ್ಗ ಅಂತ ತಂದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪವಿಲ್ಲ ಪತ್ರ) ತಂದು ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಅದನ್ನು ಕೂಡಿಸಿ ನೋಡಿ, ಅಗ್ಗ ಎಲ್ಲಿ ಹೋಯಿತು ಅಂತ.

ಸರ್ವಿಸ್ ಸೆಂಟರ್ ಮನೆಯಿಂದ ಎಷ್ಟು ದೂರ ಅಂತ ನೋಡಿ. ಊರಿನ ಆ ತುದಿಯಲ್ಲಿದ್ದರೆ ಒಂದು ಲಿವರ್ ಮುರಿದರೂ ಅರ್ಧ ದಿನ ರಜೆ. ಖರೀದಿಗೆ ಮೊದಲು ಕೌಂಟರಿನಲ್ಲಿ ಮೂರು ಸಾಮಾನಿನ ಬೆಲೆ ಮತ್ತು ಸ್ಟಾಕು ಕೇಳಿ: ಕ್ಲಚ್ ಲಿವರ್, ಮುಂದಿನ ಬ್ರೇಕ್ ಪ್ಯಾಡ್, ಮುಂದಿನ ರಿಮ್ಮು. ರಿಮ್ಮು "ಆರ್ಡರ್ ಹಾಕಬೇಕು ಸಾರ್" ಅಂದರೆ ಎಷ್ಟು ವಾರ ಅಂತ ಕೇಳಿ. ಈ ಊರಿನಲ್ಲಿ ರಿಮ್ಮು ಬಾಗುವುದು ಯಾವಾಗ ಅನ್ನುವುದಷ್ಟೇ ಪ್ರಶ್ನೆ.

9 ಲೀಟರ್ ಟ್ಯಾಂಕು ಅಂತ ಮೂಗು ಮುರಿಯುವವರಿದ್ದಾರೆ. ನಗರದಲ್ಲಿ ಅದೇನು ಸಮಸ್ಯೆ ಅಲ್ಲ, ಬಂಕು ಎಲ್ಲ ಕಡೆ ಇದೆ. ನಿಜವಾದ ಸಮಸ್ಯೆ ಸೀಟು. ಸೂಪರ್‌ಮೋಟೋ ಸೀಟು ಅಂದರೆ ಕಾಂಪೌಂಡ್ ಗೋಡೆ ಮೇಲೆ ಕೂತ ಹಾಗೆ. ಒಬ್ಬರೇ ಅರ್ಧ ಗಂಟೆ ಹೋಗಲು ಸಾಕು. ಹಿಂದೆ ಹೆಂಡತಿಯೋ ಅಮ್ಮನೋ ದಿನಾ ಕೂರುವುದಾದರೆ ಅವರನ್ನೂ ಷೋರೂಮಿಗೆ ಕರೆದುಕೊಂಡು ಹೋಗಿ, ಹತ್ತಿಸಿ, ಇಳಿಸಿ ನೋಡಿ. ಅಷ್ಟು ಎತ್ತರಕ್ಕೆ ಸೀರೆಯಲ್ಲಿ ಕಾಲು ಎತ್ತಿ ಹಾಕುವುದು ಸಾಹಸ. ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧ ಮುಚ್ಚುವ ಸೀರೆ ಗಾರ್ಡ್ ಇವು ಮೋಟಾರು ವಾಹನ ನಿಯಮದಲ್ಲೇ ಇವೆ. ಚೆಂದ ಕಾಣಲಿ ಅಂತ ಬಿಚ್ಚಿಸಬೇಡಿ. ಬಿಚ್ಚಿಕೊಡಿ ಅಂತ ಬಂದವರಿಗೆ ನಾನು ಬಿಚ್ಚುವುದಿಲ್ಲ, ಬೇಕಾದರೆ ಬೈದುಕೊಂಡು ಹೋಗಲಿ.

ಸೆಕೆಂಡ್‌ಹ್ಯಾಂಡ್ ನೋಡುವಾಗ

ಈ ಜಾತಿಯ ಬೈಕನ್ನು ಮೊದಲ ಮಾಲೀಕ ಸುಮ್ಮನೆ ಓಡಿಸಿರುವುದಿಲ್ಲ. ವೀಲಿ ಹೊಡೆದಿದ್ದಾನಾ ಅಂತ ಮೊದಲು ಪತ್ತೆ ಮಾಡಿ. ಹಿಂದಿನ ನಂಬರ್ ಪ್ಲೇಟಿನ ಕೆಳ ಅಂಚು, ಟೈಲ್ ಲ್ಯಾಂಪಿನ ಕೆಳಭಾಗ ಉಜ್ಜಿದೆಯಾ? ಸೀಟು ಎತ್ತಿ, ಹಿಂದಿನ ಫ್ರೇಮಿನ ವೆಲ್ಡಿಂಗ್ ಹತ್ತಿರ ಹೊಸ ಪೇಂಟ್ ಇದೆಯಾ? ಕಡಿಮೆ ಕಿಲೋಮೀಟರಿಗೇ ಕ್ಲಚ್ ಪ್ಲೇಟ್ ಬದಲಾಗಿದೆಯಾ? ಮೂರರಲ್ಲಿ ಎರಡು ಹೌದಾದರೆ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ಮುಂದಿನ ಚಕ್ರ ನೆಲದಿಂದ ಎತ್ತಿಸಿ. ಹ್ಯಾಂಡಲನ್ನು ಎಡ ಬಲ ನಿಧಾನ ತಿರುಗಿಸಿ. ನಟ್ಟನಡುವೆ ಒಂದು ಗುಳಿಯೊಳಗೆ ಬಿದ್ದ ಹಾಗೆ ನಿಂತರೆ ಬಾಲ್ ರೇಸರ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ. ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಟಕ್ ಅಂದರೂ ಅದೇ. ಫೋರ್ಕ್ ಸೀಲಿನ ಸುತ್ತ ಬೆರಳು ಸವರಿ, ಎಣ್ಣೆ ಅಂಟಬಾರದು. ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಷ್ ಸವೆದಿದ್ದರೆ ಗೊತ್ತಾಗುತ್ತದೆ. ಚಕ್ರ ತಿರುಗಿಸುತ್ತಾ ರಿಮ್ಮು ಓಲಾಡುತ್ತಾ ನೋಡಿ. ಸಣ್ಣ ಸ್ಕ್ರೂಡ್ರೈವರ್‌ನಿಂದ ಪ್ರತಿ ಸ್ಪೋಕಿಗೂ ಮೆಲ್ಲಗೆ ತಟ್ಟಿ. ಟಿಣ್ ಅನ್ನಬೇಕು. ದಬ್ ಅಂದದ್ದು ಸಡಿಲ. ಒಂದೆರಡು ಸಡಿಲವಿದ್ದರೆ ಬಿಗಿಯಬಹುದು, ಒಂದೇ ಕಡೆ ಸಾಲಾಗಿ ಸಡಿಲವಿದ್ದರೆ ಅಲ್ಲಿ ರಿಮ್ಮಿಗೆ ಪೆಟ್ಟು ಬಿದ್ದಿದೆ.

ಟೆಸ್ಟ್ ರೈಡಿಗೆ ಷೋರೂಂನವರು ತೋರಿಸುವ ಒಂದು ಬ್ಲಾಕಿನ ಸುತ್ತು ಸಾಲದು. ಸಂಜೆ ಆರೂವರೆಗೆ ಹೋಗಿ. ಸುಮನಹಳ್ಳಿ ಫ್ಲೈಓವರಿನ ಜಾಯಿಂಟುಗಳ ಮೇಲೆ ಹತ್ತಿಸಿ, ನಿಮ್ಮ ಬೀದಿಯ ಕೆಟ್ಟ ಹಂಪ್ ದಾಟಿಸಿ, ಕಿರಿದಾದ ಜಾಗದಲ್ಲಿ ಯೂ-ಟರ್ನ್ ಮಾಡಿ, ಕಾಲು ಗಂಟೆ ಜಾಮ್‌ನಲ್ಲಿ ನಿಲ್ಲಿ. ಫ್ಯಾನ್ ಶುರುವಾದಾಗ ಬಿಸಿ ಗಾಳಿ ಯಾವ ಕಾಲಿಗೆ ಬಡಿಯುತ್ತದೆ, ಎರಡು ಬೆರಳಿನಲ್ಲಿ ಕ್ಲಚ್ ಹಿಡಿದು ಕೈ ನೋಯುತ್ತದಾ, ಸಣ್ಣ ಥ್ರಾಟಲ್‌ಗೆ ಬೈಕು ಜಗ್ಗುತ್ತದಾ ಅಂತ ಗಮನಿಸಿ. ಪವರ್ ಬಗ್ಗೆ ನೀವು ಯೋಚಿಸಬೇಕಾದದ್ದು ಇಷ್ಟೇ: ಎರಡನೇ ಗೇರಿನಲ್ಲಿ 20ರಿಂದ 50ಕ್ಕೆ ಗಲಾಟೆಯಿಲ್ಲದೆ ಹೋಗುತ್ತದಾ.

ತಗೊಂಡ ಮೇಲೆ ಮೊದಲ ಸರ್ವಿಸಿನಲ್ಲಿ ಸ್ಪೋಕ್ ಬಿಗಿ ನೋಡಿಸಿ. ಹೊಸ ಚಕ್ರ ಕೂರುವಾಗ ಸ್ಪೋಕು ಸಡಿಲವಾಗುವುದು ಸಹಜ, ಜಾಬ್ ಕಾರ್ಡಿನಲ್ಲಿ ನೀವು ಬರೆಸದಿದ್ದರೆ ಯಾರೂ ಮುಟ್ಟುವುದಿಲ್ಲ. ಹಿಂದಿನ ಸ್ಪ್ರಿಂಗಿನ ಪ್ರೀಲೋಡ್ (ಮೊದಲೇ ಒತ್ತಿಟ್ಟ ಬಿಗಿ) ನಿಮ್ಮ ತೂಕಕ್ಕೆ ಹೊಂದಿಸಿಕೊಡಿ ಅಂತಲೂ ಬರೆಸಿ. ಇನ್ನು ಮಳೆಗಾಲ ಬರುವ ಮುಂಚೆ ಮುಂದಿನ ಎತ್ತರದ ಮಡ್‌ಗಾರ್ಡಿಗೆ ಒಂದು ರಬ್ಬರ್ ಫ್ಲಾಪ್ ಹಾಕಿಸಿ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಅಷ್ಟು ದೊಡ್ಡ ಜಾಗ ಇರುವ ಬೈಕಿನಲ್ಲಿ ಕೆಸರೆಲ್ಲ ಸೀದಾ ರೇಡಿಯೇಟರಿಗೆ, ಉಳಿದದ್ದು ನಿಮ್ಮ ಮೊಣಕಾಲಿಗೆ.